ಚರೆ ಕೋವಿಗೆ ರೆಡ್ ಡಾಟ್: ನನ್ನ ಅನುಭವ

ಶಾಟ್‌ಗನ್‌ಗೆ, ಅಂದರೆ ಚರೆ ಕೋವಿಗೆ, ರೆಡ್ ಡಾಟ್ (ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸಿ ಗುರಿ ಹಿಡಿಸುವ ಸಾಧನ) ಯಾಕೆ? ಚರೆ, ಅಂದರೆ ತೋಟೆಯೊಳಗಿನ ಸಣ್ಣ ಗುಂಡುಗಳು, ಹೇಗೂ ಹರಡಿಕೊಂಡು ಹೋಗುತ್ತದಲ್ವಾ? ಕೊಡಗಿನಲ್ಲಿರುವ ನಮ್ಮವರು ಫೋನ್ ಮಾಡಿದಾಗೆಲ್ಲ ಇದನ್ನೇ ಕೇಳುತ್ತಾರೆ. ಹಾರುವ ಹಕ್ಕಿಯ ವಿಷಯದಲ್ಲಿ ಅವರ ಮಾತು ಸರಿ. ಆದರೆ ನಾನಿರುವ ಪೆನ್ಸಿಲ್ವೇನಿಯಾದಲ್ಲಿ ವಸಂತಕಾಲದ ಟರ್ಕಿ ಕೋಳಿ ಬೇಟೆಯ ಲೆಕ್ಕವೇ ಬೇರೆ.

ಈ ಬೇಟೆಗೆ ಇಲ್ಲಿ ರೈಫಲ್ ತರುವ ಹಾಗಿಲ್ಲ. ಕೂಗು ಹಾಕಿ ಹುಂಜವನ್ನು ಹತ್ತಿರಕ್ಕೆ ಕರೆಸಿಕೊಳ್ಳಬೇಕು, ಕದ್ದು ಹಿಂಬಾಲಿಸಿ ಹೋಗಬಾರದು. ಎದೆಯ ಮೇಲೆ ಗಡ್ಡ (ಕೂದಲಿನಂಥ ಪುಕ್ಕದ ಗೊಂಚಲು) ಇಳಿಬಿಟ್ಟ ಹಕ್ಕಿಯನ್ನು ಮಾತ್ರ ಹೊಡೆಯಬಹುದು. ಹೊಡೆಯಬೇಕಾದದ್ದು ತಲೆಗೆ ಮತ್ತು ಕುತ್ತಿಗೆಗೆ. ಮೈಗೆ ಹೊಡೆದರೆ ದಪ್ಪ ಪುಕ್ಕ, ರೆಕ್ಕೆ ಮೂಳೆ ಅಡ್ಡ ಬರುತ್ತವೆ, ಗಾಯಗೊಂಡ ಹಕ್ಕಿ ಪೊದೆ ಸೇರಿ ನರಳುತ್ತದೆ. ಅದಕ್ಕೇ ಟರ್ಕಿ ಕೋವಿಗೆ ತುಂಬಾ ಬಿಗಿಯಾದ ಚೋಕ್ (ಚರೆ ಹರಡದಂತೆ ನಳಿಗೆಯ ಬಾಯಿಯನ್ನು ಕಿರಿದು ಮಾಡುವ ತುಂಡು) ಹಾಕುತ್ತೇವೆ. ನನ್ನ ಕೋವಿಯಲ್ಲಿ 20 ಗಜಕ್ಕೆ ಚರೆಯ ದಟ್ಟ ಭಾಗ ಒಂದು ಅಂಗೈ ಅಗಲಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಇಷ್ಟು ಬಿಗಿಯಾಗಿ ಹೋಗುವ ಚರೆಗೆ ಸುಮಾರಾದ ಗುರಿ ಸಾಲುವುದಿಲ್ಲ.

ಶಾಟ್‌ಗನ್‌ಗೆ ಸಾಮಾನ್ಯವಾಗಿ ಹಿಂದಿನ ಸೈಟ್ (ಗುರಿ ನೋಡುವ ಗುರುತು) ಇರುವುದಿಲ್ಲ. ನಳಿಗೆಯ ತುದಿಯಲ್ಲಿ ಒಂದು ಮಣಿ ಇರುತ್ತದೆ, ಹಿಂದಿನ ಸೈಟಿನ ಕೆಲಸವನ್ನು ನಮ್ಮ ಕಣ್ಣೇ ಮಾಡುತ್ತದೆ. ಕೆನ್ನೆ ಸ್ಟಾಕ್‌ನಿಂದ (ಭುಜಕ್ಕೆ ಒತ್ತುವ ಕೋವಿಯ ಹಿಂಭಾಗದಿಂದ) ಒಂದು ಚೂರು ಮೇಲೆದ್ದರೂ ಕಣ್ಣು ಮೇಲೇರುತ್ತದೆ, ಈಡು ಹಕ್ಕಿಯ ತಲೆಯ ಮೇಲಿಂದ ಹೋಗುತ್ತದೆ. ಹಕ್ಕಿ ಎದುರು ಬಂದು ನಿಂತಾಗ ಕತ್ತೆತ್ತಿ ಇನ್ನೊಮ್ಮೆ ನೋಡಬೇಕು ಅನ್ನಿಸುವುದು ಸಹಜ. ಮರಕ್ಕೆ ಒರಗಿ, ಮೊಣಕಾಲ ಮೇಲೆ ಕೋವಿ ಇಟ್ಟು, ಸೊಂಟ ತಿರುಚಿಕೊಂಡು ಕೂತವನಿಗಂತೂ ಕೆನ್ನೆ ನೆಟ್ಟಗೆ ಕೂರುವುದೇ ಇಲ್ಲ. ರೆಡ್ ಡಾಟ್ ನೆರವಿಗೆ ಬರುವುದು ಇಲ್ಲೇ. ತಲೆ ಸ್ವಲ್ಪ ಅತ್ತಿತ್ತ ಆದರೆ ಚುಕ್ಕೆ ಗಾಜಿನೊಳಗೆ ಜಾಗ ಬದಲಾಯಿಸುತ್ತದೆ, ಆದರೂ ಚರೆ ಬೀಳುವ ಜಾಗವನ್ನೇ ತೋರಿಸುತ್ತಿರುತ್ತದೆ. ತಲೆ ತೀರಾ ಮೇಲೆದ್ದರೆ ಚುಕ್ಕೆ ಕಾಣಿಸುವುದೇ ಇಲ್ಲ. ಆಗ ಟ್ರಿಗರ್ ಎಳೆಯಬಾರದು ಎಂದು ತಾನಾಗಿ ಗೊತ್ತಾಗುತ್ತದೆ.

ಇದು ಸಿನಿಮಾದಲ್ಲಿ ಎದೆಯ ಮೇಲೆ ಕೆಂಪು ಬೀಳಿಸುವ ಲೇಸರ್ ಅಲ್ಲ. ಒಳಗಿನ ಚಿಕ್ಕ ಎಲ್‌ಇಡಿ ತನ್ನ ಬೆಳಕನ್ನು ಗಾಜಿನ ಮೇಲೆ ಬಿಡುತ್ತದೆ. ಗಾಜಿನ ಲೇಪನ ಕೆಂಪು ಬೆಳಕನ್ನು ನಮ್ಮ ಕಣ್ಣಿನ ಕಡೆ ತಿರುಗಿಸುತ್ತದೆ. ಹಕ್ಕಿಯ ಮೇಲೆ ಏನೂ ಬೀಳುವುದಿಲ್ಲ. ಐರ್ಲೆಂಡಿನ ಹೋವರ್ಡ್ ಗ್ರಬ್ 1900ರ ಹೊತ್ತಿಗೇ ಇಂಥ ಪ್ರತಿಫಲನದ ಸೈಟ್ ಮಾಡಿದ್ದರು. ಬ್ಯಾಟರಿ ಹಾಕಿದ ಈಗಿನ ರೂಪವನ್ನು 1970ರ ದಶಕದಲ್ಲಿ ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ ಮಾರುಕಟ್ಟೆಗೆ ತಂದಿತು.

ನನ್ನದು 12 ಬೋರಿನ ಮಾಸ್‌ಬರ್ಗ್ 500 ಶಾಟ್‌ಗನ್. ರಿಸೀವರ್ (ನಳಿಗೆಯ ಹಿಂದೆ ತೋಟೆ ಕೂರುವ ಲೋಹದ ಭಾಗ) ಮೇಲೆ ತಿರುಪಿನ ತೂತುಗಳು ಫ್ಯಾಕ್ಟರಿಯಿಂದಲೇ ಬಂದಿದ್ದವು, ಹಾಗಾಗಿ ಕೊರೆಸುವ ಕೆಲಸ ಉಳಿಯಿತು. ಮೊದಲು ಕೋವಿ ಖಾಲಿ ಇದೆಯೇ ಎಂದು ಕಣ್ಣಲ್ಲೂ ಬೆರಳಲ್ಲೂ ನೋಡಿದೆ. ತೋಟೆಗಳನ್ನು ಬೇರೆ ಕೋಣೆಯಲ್ಲಿಟ್ಟು ಬಂದೆ. ತೂತುಗಳಲ್ಲಿ ಎಣ್ಣೆ ಇದ್ದರೆ ಅಂಟು ಹಿಡಿಯುವುದಿಲ್ಲ, ಆಲ್ಕೋಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿದೆ. ಪ್ರತಿ ತಿರುಪಿಗೂ ನೀಲಿ ಲಾಕ್‌ಟೈಟ್ (ತಿರುಪು ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ. ಈ ಕೋವಿಯ ರಿಸೀವರ್ ಅಲ್ಯೂಮಿನಿಯಮ್ಮಿನದು. ತೋಳಿನ ಬಲ ಹಾಕಿ ಬಿಗಿದರೆ ತೂತಿನೊಳಗಿನ ತಿರುಪಿನ ಸುರುಳಿ ಗೀರೇ ಕಿತ್ತುಕೊಂಡು ಬರುತ್ತದೆ. ಎಷ್ಟು ಬಲ ಹಾಕಿದೆವೆಂದು ತೋರಿಸುವ ಟಾರ್ಕ್ ರೆಂಚ್ ತೆಗೆದುಕೊಂಡು ಕಂಪನಿಯ ಕಾಗದದಲ್ಲಿ ಬರೆದಷ್ಟೇ ಬಿಗಿದೆ. ಮೂರು ಇಂಚಿನ ಟರ್ಕಿ ತೋಟೆಯ ಒದೆತ ಎಷ್ಟೋ ಬೇಟೆ ರೈಫಲ್‌ಗಳಿಗಿಂತ ಜೋರು. ಸಡಿಲ ತಿರುಪು ಅದರ ಮುಂದೆ ನಿಲ್ಲುವುದಿಲ್ಲ. ಕೊನೆಗೆ ತಿರುಪಿನ ತಲೆಯಿಂದ ಪಕ್ಕದ ಲೋಹಕ್ಕೆ ಬಿಳಿ ಬಣ್ಣದ ಸಣ್ಣ ಗೀಟು ಎಳೆದೆ. ತಿರುಪು ಒಂದು ಕೂದಲೆಳೆ ತಿರುಗಿದರೂ ಗೀಟು ತುಂಡಾಗಿ ಕಾಣುತ್ತದೆ.

ಎತ್ತರದ ವಿಷಯಕ್ಕೆ ಜನ ಕೊಡಬೇಕಾದಷ್ಟು ಗಮನ ಕೊಡುವುದಿಲ್ಲ. ಶಾಟ್‌ಗನ್ನಿನ ಸ್ಟಾಕ್ ಮಾಡಿರುವುದು ನಳಿಗೆಯ ಮೇಲಿನ ಮಣಿ ನೋಡುವುದಕ್ಕೆ. ಅದರ ಮೇಲೆ ರೈಲು (ಸೈಟ್ ಕೂರಿಸುವ ಲೋಹದ ಪಟ್ಟಿ), ರೈಲಿನ ಮೇಲೆ ಸೈಟ್ ಎಂದು ಅಟ್ಟ ಕಟ್ಟಿದರೆ ಚುಕ್ಕೆ ನೋಡಲು ಗದ್ದವನ್ನೇ ಸ್ಟಾಕ್ ಮೇಲೆ ಇಡಬೇಕಾಗುತ್ತದೆ. ನಾನು ರೈಲು ಬಿಟ್ಟು ತಗ್ಗಿನ ಪ್ಲೇಟ್ ಹಾಕಿದೆ. ಸ್ಟಾಕ್ ಮೇಲೆ ಫೋಮಿನ ಕೆನ್ನೆ ಪ್ಯಾಡ್ ಅಂಟಿಸಿದೆ. ಸರಿಯಾಯಿತೋ ಇಲ್ಲವೋ ನೋಡಲು ನಾನು ಮಾಡುವುದು ಇಷ್ಟು: ಖಾಲಿ ಕೋವಿ ಹಿಡಿದು, ಸುರಕ್ಷಿತ ದಿಕ್ಕಿಗೆ ತಿರುಗಿ, ಕಣ್ಣು ಮುಚ್ಚಿ ಭುಜಕ್ಕೆ ಏರಿಸುತ್ತೇನೆ. ಕೆನ್ನೆ ಆರಾಮಾಗಿ ಕೂತ ಮೇಲೆ ಕಣ್ಣು ತೆರೆಯುತ್ತೇನೆ. ಚುಕ್ಕೆ ಅಲ್ಲೇ ಇರಬೇಕು. ಹುಡುಕಬೇಕಾಗಿ ಬಂದರೆ ಪ್ಯಾಡ್ ಮತ್ತೆ ಏರಿಳಿಸಬೇಕು.

ಇನ್ನು ಗುರಿ ಕೂರಿಸುವುದು. ನನಗೆ ಬಹಳ ಇಷ್ಟವಾದ ಕೆಲಸ ಇದು. ಅಗಲದ ಕಂದು ಕಾಗದ ಹಲಗೆಗೆ ಹೊಡೆದು, ನಡುವೆ ಮಾರ್ಕರಿನಲ್ಲಿ ಗುರುತು ಹಾಕಿ, 25 ಗಜ ದೂರದಲ್ಲಿ ಮೇಜಿನ ಮೇಲೆ ಮರಳುಚೀಲ ಇಟ್ಟು ಕೂರುತ್ತೇನೆ. ಈ ದೂರಕ್ಕೆ ಲೆಕ್ಕ ಸುಲಭ. ಎಂಒಎ ಎಂಬುದು ಕೋನದ ಅಳತೆ, ಒಂದು ಎಂಒಎ ಅಂದರೆ 100 ಗಜಕ್ಕೆ ಸುಮಾರು ಒಂದು ಇಂಚು, 25 ಗಜಕ್ಕೆ ಕಾಲು ಇಂಚು. ನನ್ನ ಸೈಟ್‌ನಲ್ಲಿ ಒಂದು ಕ್ಲಿಕ್ ಅಂದರೆ ಒಂದು ಎಂಒಎ. ಚರೆಯ ನಡುಭಾಗ ಮೂರು ಇಂಚು ಕೆಳಗೆ ಬಿದ್ದರೆ ಮೇಲಕ್ಕೆ 12 ಕ್ಲಿಕ್. ಟಂಗ್‌ಸ್ಟನ್ ಚರೆಯ ಟಿಎಸ್‌ಎಸ್ ತೋಟೆ ತುಂಬಾ ದುಬಾರಿ. ಅದನ್ನು ಸುಮ್ನೆ ಸುಡಲು ಮನಸ್ಸು ಬರುವುದಿಲ್ಲ. ಹಾಗಾಗಿ ಮೊದಲು ಅಗ್ಗದ ತೋಟೆಯಲ್ಲಿ ಹತ್ತಿರಕ್ಕೆ ತರುತ್ತೇನೆ. ಅಷ್ಟಕ್ಕೇ ಎದ್ದು ಹೋಗಬಾರದು. ತೋಟೆ ಬದಲಾದರೆ ಚರೆ ಬೀಳುವ ಜಾಗವೂ ಬದಲಾಗುತ್ತದೆ. ನನ್ನ ಕೋವಿಯಲ್ಲಿ ಅಗ್ಗದ ಸೀಸದ ಚರೆಗೂ ಟಿಎಸ್‌ಎಸ್‌ಗೂ ನಡುಭಾಗ ಒಂದೇ ಕಡೆ ಬೀಳುವುದಿಲ್ಲ.

ಆಮೇಲೆ ಬೇಟೆಗೆ ಒಯ್ಯುವ ತೋಟೆಯನ್ನೇ ಹಾಕಿ 40 ಗಜಕ್ಕೆ ಹೊಡೆಯುತ್ತೇನೆ. ಕಾಗದದ ಹತ್ತಿರ ಹೋದಾಗ ಮೊದಲು ಕಾಣುವುದು ಎರಡು ಮಿಲಿಮೀಟರ್ ಅಗಲದ ನೂರಾರು ತೂತು. ಅದು 9ನೇ ನಂಬರ್ ಚರೆ. ಸೀಸದಲ್ಲಿ ಇಷ್ಟು ಸಣ್ಣ ಚರೆ ಆ ದೂರಕ್ಕೆ ಕೆಲಸಕ್ಕೆ ಬಾರದು. ಆದರೆ ಟಿಎಸ್‌ಎಸ್‌ನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 18 ಗ್ರಾಂ, ಸೀಸದ್ದು 11.3. ಆ ಭಾರಕ್ಕೇ ಅದು ಒಳಗೆ ಇಳಿಯುತ್ತದೆ. ದಟ್ಟ ಭಾಗದ ಸುತ್ತ 10 ಇಂಚಿನ ವೃತ್ತ ಎಳೆದು ತೂತು ಎಣಿಸುತ್ತೇನೆ. ನೂರಕ್ಕೆ ಕಡಿಮೆ ಇರಬಾರದು ಎಂಬುದು ಇಲ್ಲಿನ ಬೇಟೆಗಾರರ ವಾಡಿಕೆ. ಆಮೇಲೆ ಅದೇ ವೃತ್ತವನ್ನು ನಾನು ಗುರಿ ಇಟ್ಟ ಗುರುತಿನ ಸುತ್ತ ಎಳೆಯುತ್ತೇನೆ. ಎರಡೂ ವೃತ್ತ ಒಂದರ ಮೇಲೊಂದು ಕೂತರೆ ಸೈಟ್ ಕೂತ ಹಾಗೆ. ಬರೀ ಮಣಿ ಇದ್ದ ಕೋವಿ ಬಿಗಿ ಚೋಕಿನಲ್ಲಿ ಪಕ್ಕಕ್ಕೆ ಹೊಡೆದರೆ ಗುರಿಯನ್ನೇ ಅಂದಾಜಿನ ಮೇಲೆ ಸರಿಸಿ ಹೊಡೆಯಬೇಕಾಗುತ್ತದೆ. ರೆಡ್ ಡಾಟ್ ಇದ್ದರೆ ಚುಕ್ಕೆ ಸರಿಸುವ ತಿರುಪು ತಿರುಗಿಸಿದರಾಯಿತು.

ಚುಕ್ಕೆಯ ಗಾತ್ರ 3 ಎಂಒಎ ಸಾಕು. 40 ಗಜಕ್ಕೆ ಅದು ಮುಚ್ಚುವುದು ಒಂದೂಕಾಲು ಇಂಚು. 8 ಎಂಒಎ ಚುಕ್ಕೆ ಮೂರು ಇಂಚಿಗೂ ಜಾಸ್ತಿ ಮುಚ್ಚಿ ಇಡೀ ತಲೆಯನ್ನೇ ನುಂಗುತ್ತದೆ. ಬೆಳಕು ಎಷ್ಟಿರಬೇಕು ಎನ್ನುವುದೂ ಮುಖ್ಯ. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲೇ ಬೇಟೆಯ ಸಮಯ ಶುರು. ಆ ಮಬ್ಬಿನಲ್ಲಿ ಹಗಲಿನ ಸೆಟ್ಟಿಂಗ್ ಇದ್ದರೆ ಚುಕ್ಕೆ ಉರಿದು ಹರಡಿ ಹಿಂದಿನದೇನೂ ಕಾಣದು. ಕಾಣುವಷ್ಟು ಮಾತ್ರ ಇಟ್ಟು, ಬಿಸಿಲು ಏರಿದ ಹಾಗೆ ಏರಿಸುತ್ತೇನೆ. ಎರಡೂ ಕಣ್ಣು ತೆರೆದಿರಬೇಕು, ನೋಟ ಹಕ್ಕಿಯ ಮೇಲಿರಬೇಕು. ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವಾಗ ಒಂದು ಕಣ್ಣು ಮುಚ್ಚಿ ಕಲಿತವನು ನಾನು. ಈ ಅಭ್ಯಾಸ ಬದಲಾಗಲು ಸಮಯ ಹಿಡಿಯಿತು.

ಚುಕ್ಕೆ ದುಂಡಗೆ ಕಾಣದೆ ಅಲ್ಪವಿರಾಮದ ಹಾಗೆ ಕಾಣುತ್ತದೆ ಎಂದು ಜೊತೆಯವರೊಬ್ಬರು ಸೈಟ್ ವಾಪಸ್ ಕಳಿಸಲು ಹೊರಟಿದ್ದರು. ಫೋನಿನ ಕ್ಯಾಮೆರಾದಲ್ಲಿ ನೋಡಿ ಎಂದೆ. ಅದರಲ್ಲಿ ದುಂಡಗೇ ಇತ್ತು. ಅಂದರೆ ಸೈಟಿನಲ್ಲಿ ದೋಷವಿಲ್ಲ, ಕಣ್ಣಿನಲ್ಲಿ ಅಸ್ಟಿಗ್ಮ್ಯಾಟಿಸಮ್ (ಬೆಳಕು ಒಂದೇ ಬಿಂದುವಿನಲ್ಲಿ ಕೂಡದ ದೋಷ) ಇದೆ. ಅವರು ಕನ್ನಡಕದ ನಂಬರ್ ಸರಿಮಾಡಿಸಿಕೊಂಡರು. ಇನ್ನೊಂದು ವಿಷಯ: ಎಲ್‌ಇಡಿ ತೆರೆದಿರುವ ಸೈಟ್‌ಗಳಲ್ಲಿ ಅದರ ಮೇಲೆ ಮಳೆಹನಿಯೋ ಒಣ ಎಲೆಯ ಚೂರೋ ಕೂತರೆ ಚುಕ್ಕೆ ಕೆಡುತ್ತದೆ. ಇಲ್ಲಿನ ಮೇ ತಿಂಗಳ ಮಳೆಗೆ ಮುಚ್ಚಿದ ಮಾದರಿಯೇ ವಾಸಿ. ಬ್ಯಾಟರಿ ಪಕ್ಕದಿಂದ ಹಾಕುವಂಥದ್ದು ತೆಗೆದುಕೊಳ್ಳಿ. ಅಡಿಯಿಂದ ಹಾಕುವಂಥದ್ದಾದರೆ ಬ್ಯಾಟರಿ ಬದಲಿಸುವಾಗೆಲ್ಲ ಸೈಟ್ ಬಿಚ್ಚಿ ಮತ್ತೆ ಗುರಿ ಪರೀಕ್ಷಿಸಬೇಕು.

ಮೈಮರೆಯಬಾರದ ಮಾತು ಒಂದಿದೆ. ರೆಡ್ ಡಾಟ್ ಏನನ್ನೂ ದೊಡ್ಡದು ಮಾಡಿ ತೋರಿಸುವುದಿಲ್ಲ. ಎದುರಿರುವುದು ಏನು ಎಂದು ಬರಿಗಣ್ಣಿನಲ್ಲಿ ಖಾತ್ರಿಯಾದ ಮೇಲೆಯೇ ಕೋವಿ ಎತ್ತಬೇಕು. ಗಡ್ಡ ಕಾಣಬೇಕು, ಹಕ್ಕಿಯ ಹಿಂದೆ ಏನಿದೆ ಎಂದೂ ಕಾಣಬೇಕು. ಹುಂಜದ ತಲೆಯ ಬಣ್ಣ ಕೆಂಪು, ಬಿಳಿ, ನೀಲಿ. ಅದಕ್ಕೇ ಕಾಡಿಗೆ ಹೋಗುವವರು ಈ ಮೂರು ಬಣ್ಣದ ಬಟ್ಟೆ, ಕರವಸ್ತ್ರ ಕೂಡ ಒಯ್ಯುವುದಿಲ್ಲ. ಕೂಗು ಕೇಳಿದ ಕಡೆ ಇನ್ನೊಬ್ಬ ಬೇಟೆಗಾರ ಕೂತಿರಬಹುದು.

ಸೀಸನ್ ಮುಗಿದ ಮೇಲೆ ಇದೇ ಕೋವಿಯಲ್ಲಿ ಗಾಳಿಗೆ ಎಸೆಯುವ ಮಣ್ಣಿನ ಬಿಲ್ಲೆ ಹೊಡೆಯಲು ಹೋಗುತ್ತೇನೆ. ಆಗ ಸೈಟ್ ಬಿಚ್ಚಿಡುತ್ತೇನೆ, ಚೋಕನ್ನೂ ಬದಲಾಯಿಸುತ್ತೇನೆ. ಹಾರುವ ಬಿಲ್ಲೆಯ ಹಿಂದೆ ಕೋವಿ ತಡೆಯಿಲ್ಲದೆ ತೂಗಬೇಕು. ಚುಕ್ಕೆ ಇದ್ದರೆ ನನ್ನ ಕಣ್ಣು ಅದನ್ನೇ ಹುಡುಕುತ್ತದೆ, ತೂಗು ನಿಲ್ಲುತ್ತದೆ, ಬಿಲ್ಲೆ ಮುಂದೆ ಹೋಗಿಬಿಡುತ್ತದೆ. ಚುಕ್ಕೆ ಇಟ್ಟುಕೊಂಡೇ ಚೆನ್ನಾಗಿ ಹೊಡೆಯುವವರೂ ಇದ್ದಾರೆ, ನನಗೆ ಒಗ್ಗಲಿಲ್ಲ. ಮತ್ತೆ ಏಪ್ರಿಲ್ ಬಂದಾಗ ಸೈಟ್ ಹಾಕಿ, ಹೊಸ ಲಾಕ್‌ಟೈಟ್ ಹಚ್ಚಿ, ಹೊಸ ಗೀಟು ಎಳೆದು, 40 ಗಜಕ್ಕೆ ಒಂದು ಟಿಎಸ್‌ಎಸ್ ಹೊಡೆದು ನೋಡುತ್ತೇನೆ. ವೃತ್ತಗಳು ಕೂಡಿದರೆ ಮಾತ್ರ ಕಾಡಿಗೆ.