ಹಗಲು ಮಗುವನ್ನು ಯಾರು ನೋಡ್ಕೊಳ್ತಾರೆ?

ಮಡಿಕೇರಿಯಲ್ಲಿ 2016ರಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಶುರುವಾಯಿತು. ಆಮೇಲೆ ಕೊಡಗಿನ ಮಕ್ಕಳಿಗೆ ಡಾಕ್ಟರುಗಳ ಜೊತೆ, ಡಾಕ್ಟರಾಗಲು ಕಲಿಯುತ್ತಿರುವವರೂ ಸಿಗುತ್ತಿದ್ದಾರೆ. ನಾನು ಮಕ್ಕಳ ಡಾಕ್ಟರು. ಓದು ಮುಗಿಸಿ ಆಸ್ಪತ್ರೆಯಲ್ಲಿ ತರಬೇತಿ ಪಡೆಯುತ್ತಿರುವ ಹೌಸ್ ಸರ್ಜನ್‌ಗಳನ್ನು ಕರೆದುಕೊಂಡು ಸಿದ್ದಾಪುರದ ಕಡೆ ಒಂದು ಸಣ್ಣ ಕ್ಲಿನಿಕ್ ನಡೆಸುತ್ತೇನೆ. ಅಲ್ಲಿಗೆ ಬರುವವರಲ್ಲಿ ಜಾಸ್ತಿ ಜನ ಕಾಫಿ ತೋಟದ ಲೈನ್ ಮನೆಯವರು, ಅಂದರೆ ಕೂಲಿಯವರ ಸಾಲು ಮನೆಗಳಲ್ಲಿ ಇರುವವರು. ಇಲ್ಲಿನ ಆದಿವಾಸಿಗಳಾದ ಯರವರು, ಜೇನು ಕುರುಬರು, ತಮಿಳು ಮಲಯಾಳಂ ಮಾತಾಡುವವರು, ಈಚೆಗೆ ಅಸ್ಸಾಮಿನಿಂದ ಬಂದವರು.

"ಜ್ವರ ಎಷ್ಟು ದಿನದಿಂದ?" ಅಂತ ಕೇಳುವುದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅದರ ಬೆನ್ನಿಗೇ "ಹಗಲು ಮಗುವನ್ನು ಯಾರು ನೋಡ್ಕೊಳ್ತಾರೆ?" ಅಂತ ಕೇಳಬೇಕು ಅನ್ನುವುದು ನನ್ನ ಹಟ. ತಾಯಿ ಬೆಳಿಗ್ಗೆಯೇ ಕೆಲಸಕ್ಕೆ ಹೋಗುತ್ತಾಳೆ, ಮಗು ಏಳೆಂಟು ವರ್ಷದ ಅಕ್ಕನ ಸೊಂಟದ ಮೇಲಿರುತ್ತದೆ ಅಂತ ಗೊತ್ತಾದರೆ ಚೀಟಿಯೇ ಬದಲಾಗುತ್ತದೆ. ಮೂರು ಹೊತ್ತಿನ ಔಷಧಿ ಬರೆದರೆ ಮಧ್ಯಾಹ್ನದ್ದು ತಪ್ಪುತ್ತದೆ. ಬೆಳಿಗ್ಗೆ ರಾತ್ರಿ ಸಾಕಾಗುವಂಥದ್ದು ಇದ್ದರೆ ಅದನ್ನೇ ಬರೆಯಬೇಕು.

ಮಳೆಗಾಲದಲ್ಲಿ ನಮ್ಮ ಕೆಲಸವೆಲ್ಲ ಕೆಮ್ಮಿನದೇ. ಮಳೆ ಜೋರಾದರೆ ಅಂಗನವಾಡಿಗೂ ರಜೆ. ಮಕ್ಕಳು ಇಡೀ ದಿನ ಒಲೆ ಪಕ್ಕ, ಹಸಿ ಸೌದೆಯ ಹೊಗೆಯಲ್ಲಿ, ಒಣಗಲು ಹಾಕಿದ ಬಟ್ಟೆಗಳ ಕೆಳಗೆ. ಇಲ್ಲಿ ಸ್ಟೆತಸ್ಕೋಪಿಗಿಂತ ಮೊದಲು ಬೇಕಾಗುವುದು ಗಡಿಯಾರ. ಮಗು ತಾಯಿಯ ಮಡಿಲಲ್ಲೇ ಇರಲಿ. ಅಂಗಿ ಮೇಲೆತ್ತಿ, ಹೊಟ್ಟೆ ಎದೆ ಸೇರುವ ಜಾಗ ನೋಡುತ್ತಾ ಉಸಿರು ಎಣಿಸಬೇಕು. ಪೂರ್ತಿ ಒಂದು ನಿಮಿಷ. ಹೌಸ್ ಸರ್ಜನ್‌ಗಳು ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿಬಿಡುತ್ತಾರೆ. ಸಣ್ಣ ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ, ಹಾಗಾಗಿ ಆ ಲೆಕ್ಕ ನಂಬುವಂತಿಲ್ಲ. ಅಳುತ್ತಿದ್ದರೆ ಕಾಯಬೇಕು. ಎರಡು ತಿಂಗಳೊಳಗಿನ ಮಗುವಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40. ಉಸಿರು ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ನ್ಯುಮೋನಿಯಾ ಇರಬಹುದು, ಸುಮ್ನೆ ಶೀತ ಅಂತ ಮನೆಗೆ ಕಳಿಸುವ ಹಾಗಿಲ್ಲ.

ಹತ್ತು ತಿಂಗಳ ಮಗುವೊಂದನ್ನು ಇನ್ನೂ ಎಣಿಸಲು ಕೈ ಪಳಗದ ಹೌಸ್ ಸರ್ಜನ್ ಹುಡುಗಿಯೊಬ್ಬಳ ಮುಂದೆ ಕೂರಿಸಿದೆ. ಎಣಿಸಿದಳು. 54. ಪಕ್ಕೆ ಒಳಗೆ ಸೆಳೆಯುತ್ತಿರಲಿಲ್ಲ, ಹಾಲು ಕುಡಿಯುತ್ತಿತ್ತು, ವಾಂತಿ ಇಲ್ಲ, ಫಿಟ್ಸ್ ಇಲ್ಲ, ಮಂಕಾಗಿಯೂ ಇರಲಿಲ್ಲ. ಅಂಥ ಮಗುವಿಗೆ ಅಮಾಕ್ಸಿಸಿಲಿನ್ ಅನ್ನುವ ಆಂಟಿಬಯೋಟಿಕ್, ದಿನಕ್ಕೆ ಎರಡು ಸಲ, ಐದು ದಿನ. ಅವಳು ಸಿರಪ್ ಬರೆಯಲು ಹೊರಟಳು. "ಸಿರಪ್ ಬೇಡ, ನೀರಲ್ಲಿ ಕರಗುವ ಮಾತ್ರೆ ಕೊಡೋಣ" ಅಂದೆ. ಪುಡಿಯ ಸಿರಪ್ಪಾದರೆ ಕುದಿಸಿ ಆರಿಸಿದ ನೀರನ್ನು ಗುರುತಿನವರೆಗೆ ಹಾಕಿ ಕಲಸಬೇಕು. ಲೈನ್ ಮನೆಯಲ್ಲಿ ಫ್ರಿಜ್ಜೂ ಇಲ್ಲ. ಮಾತ್ರೆಯನ್ನು ಚಮಚದಲ್ಲಿ ಸ್ವಲ್ಪ ಎದೆಹಾಲಲ್ಲೇ ಕರಗಿಸಬಹುದು. ಮೊದಲ ಡೋಸ್ ಅನ್ನು ತಾಯಿಯ ಕೈಯಿಂದಲೇ ನಮ್ಮೆದುರು ಕೊಡಿಸಿದೆವು. "ಇಷ್ಟೇನಾ ಡಾಕ್ಟ್ರೇ? ಇದನ್ನ ಅತ್ತೇನೂ ಮಾಡ್ತಾರೆ" ಅಂದಳು ತಾಯಿ. ನನಗೆ ಬೇಕಿದ್ದ ಉತ್ತರ ಅದೇ.

ಎರಡು ದಿನ ಬಿಟ್ಟು ಮತ್ತೆ ತೋರಿಸಿ ಅನ್ನುವುದು ನಿಯಮ. ಆದರೆ ಆ ಮಳೆಯಲ್ಲಿ, ದಿನಗೂಲಿ ಬಿಟ್ಟು, ಇರೋ ಒಂದು ಬಸ್ಸಿಗೆ ಕಾದು ಬರುವುದು ಸುಲಭನಾ? ಅದಕ್ಕೇ ನಾವು ತೋಟದ ಲೆಕ್ಕ ಬರೆಯುವ ರೈಟರ್ ನಂಬರ್ ಬರೆದಿಟ್ಟುಕೊಂಡು, ಮೂರನೇ ದಿನ ಹೌಸ್ ಸರ್ಜನ್ ಕೈಲೇ ಫೋನ್ ಮಾಡಿಸುತ್ತೇವೆ. ಹಾಲು ಕುಡಿಯುವುದು ನಿಂತಿದ್ದರೆ, ಪಕ್ಕೆ ಸೆಳೆಯುತ್ತಿದ್ದರೆ ಕಾಯುವ ಮಾತೇ ಇಲ್ಲ, ನೇರ ಆಸ್ಪತ್ರೆಗೆ.

ಭೇದಿಗೂ ಹೀಗೇ. ಓಆರ್‌ಎಸ್ ಪೊಟ್ಟಣ ಪೂರ್ತಿ, ನೀರು ಒಂದು ಲೀಟರ್. ತಾಯಿಯೇ ಕಲಸಿ ತೋರಿಸಬೇಕು. ಭೇದಿ ನಿಂತರೂ ಜಿಂಕ್ ಮಾತ್ರೆ 14 ದಿನ ಮುಗಿಸಬೇಕು.

ಕುಯ್ಲಿನ ಕಾಲದ ಕಷ್ಟ ಬೇರೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ತಾಯಂದಿರು ಸಿಗುವುದೇ ಇಲ್ಲ. ಕೊಯ್ದ ಕಿಲೋ ಲೆಕ್ಕದಲ್ಲಿ ದುಡ್ಡು ಬರುವಾಗ ಲಸಿಕೆಗೆ ಅಂತ ಬೆಳಿಗ್ಗೆಯ ಹೊತ್ತು ಬಿಟ್ಟು ಬಾ ಅನ್ನುವುದು ನ್ಯಾಯವಲ್ಲ. ಇನ್ನೊಂದು ತೊಡಕೂ ಇದೆ. ದಡಾರ-ರುಬೆಲ್ಲಾ ಲಸಿಕೆಯನ್ನು ಒಮ್ಮೆ ಕಲಸಿದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಎಸೆಯಬೇಕು. ಬೆಳಿಗ್ಗೆ ಒಂಬತ್ತಕ್ಕೆ ಕಲಸಿದ್ದು ಸಂಜೆ ಬರುವ ಮಗುವಿಗೆ ಸಿಗಲ್ಲ. ನರ್ಸಮ್ಮ ಮತ್ತು ಆಶಾ ಕಾರ್ಯಕರ್ತೆಯ ಜೊತೆ ಕೂತು ಮಾತಾಡಿ, ಕುಯ್ಲಿನ ತಿಂಗಳುಗಳಲ್ಲಿ ಲಸಿಕೆಯನ್ನು ಕಾಫಿ ತೂಕದ ಕಣಕ್ಕೇ ಒಯ್ದೆವು. ಸಂಜೆ ಚೀಲ ಹೊತ್ತು ತಂದು ತೂಕಕ್ಕೆ ಸಾಲು ನಿಲ್ಲುವಾಗ ಎಲ್ಲರೂ ಅಲ್ಲಿರುತ್ತಾರೆ. ತೋಟದವರು ಒಂದು ಕೋಣೆ ಬಿಟ್ಟುಕೊಟ್ಟರು. ಐಸ್ ಪ್ಯಾಕ್ ಇಟ್ಟ ಲಸಿಕೆ ಪೆಟ್ಟಿಗೆ ಅಲ್ಲೇ, ಮಕ್ಕಳ ತಕ್ಕಡಿಯೂ ಅಲ್ಲೇ.

ಚುಚ್ಚಿದ ಮೇಲೆ ಅರ್ಧ ಗಂಟೆ ಕೂರಿಸಬೇಕಲ್ವಾ, ಆ ಹೊತ್ತು ಹೌಸ್ ಸರ್ಜನ್‌ಗಳದ್ದು. ಮಗುವಿನ ಲಸಿಕೆ, ತೂಕ ಬರೆಯುವ ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಚಪ್ಪಟೆಯಾಗಿದ್ದರೆ ತೋಳಿಗೆ ಟೇಪ್ ಸುತ್ತುತ್ತಾರೆ. ಆರು ತಿಂಗಳು ದಾಟಿದ ಮಗುವಿಗೆ 11.5 ಸೆಂಟಿಮೀಟರಿಗಿಂತ ಕಮ್ಮಿ ಬಂದರೆ ತೀವ್ರ ಅಪೌಷ್ಟಿಕತೆ. ಅದನ್ನು ಅಲ್ಲೇ ನನಗೆ ತೋರಿಸಬೇಕು. ಉಳಿದವರ ಜೊತೆ ಗಂಜಿಯ ಮಾತು. ಚಮಚ ವಾಲಿಸಿದರೆ ಸುರಿದುಹೋಗುವ ಗಂಜಿ ಹೊಟ್ಟೆ ತುಂಬಿಸುತ್ತದೆ, ತೂಕ ಏರಿಸುವುದಿಲ್ಲ. ಗಟ್ಟಿ ಅನ್ನ ಹಿಸುಕಿ ಒಂದು ಚಮಚ ಎಣ್ಣೆ ಹಾಕಿ, ಸಾಧ್ಯವಾದರೆ ಮೊಟ್ಟೆಯೂ ಇರಲಿ. ಊಟದ ಜೊತೆ ಕರಿಕಾಫಿ ಮಾತ್ರ ಬೇಡ, ಅದು ಕಬ್ಬಿಣದ ಅಂಶ ಮೈಗೆ ಹತ್ತಲು ಬಿಡುವುದಿಲ್ಲ. ಈ ಮಾತನ್ನು ತಾಯಿಗೆ ಹೇಳಿ ಬಿಡುವುದಲ್ಲ. ಹಗಲು ಮಗುವನ್ನು ನೋಡಿಕೊಳ್ಳುವ ಅಕ್ಕನನ್ನೂ ಅಜ್ಜಿಯನ್ನೂ ಪಕ್ಕದಲ್ಲೇ ಕೂರಿಸಿ ಹೇಳುತ್ತೇವೆ.