ಪೆಡಲ್ ಡಬ್ಬಿ ಮನೆಯಲ್ಲೇ ಮಡಿಚಿದ್ದು: ನನ್ನ ಅನುಭವ

ಗಿಟಾರಿನ ದನಿ ಬದಲಿಸಲು ಕಾಲಲ್ಲಿ ತುಳಿಯುವ ಪೆಡಲ್ಲುಗಳಿಗೆ ನಾನೇ ಅಲ್ಯೂಮಿನಿಯಂ ಶೀಟು ಮಡಿಚಿ ಡಬ್ಬಿ ಮಾಡುತ್ತೇನೆ. ಮೊನ್ನೆ ಇಪ್ಪತ್ಮೂರನೇ ಡಬ್ಬಿ ಮುಗಿಯಿತು. ಮುಚ್ಚಳ ‘ಟಕ್’ ಅಂತ ಕೂತಿತು, ಬೆಳಕಿಗೆ ಹಿಡಿದು ನೋಡಿದರೆ ಎಲ್ಲೂ ಸಂದಿ ಇಲ್ಲ. ಮೂರು ವರ್ಷದ ಹಿಂದೆ ಮೊದಲನೆಯದನ್ನು ಪ್ರಾಕ್ಟೀಸಿಗೆ ಒಯ್ದಾಗ ನಮ್ಮ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುವವನು, “ಮಗಾ, ಇದು ಪೆಡಲ್ಲಾ, ಕರೆಂಟ್ ಮೀಟರ್ ಬಾಕ್ಸಾ?” ಅಂದಿದ್ದ. ಎಲ್ಲರೂ ಹೇಳಿದ್ದು ಒಂದೇ: ಡೈಕಾಸ್ಟ್ (ಅಚ್ಚಿನಲ್ಲಿ ಎರಕ ಹೊಯ್ದ ರೆಡಿ ಡಬ್ಬಿ) ತಗೊಂಡು ತೂತು ಹೊಡಿ, ಶೀಟು ಮಡಿಚೋದೆಲ್ಲ ಮನೇಲಿ ಆಗಲ್ಲ.

ನನಗೆ ಬೇಕಿದ್ದದ್ದು ಐದು ನಾಬ್ (ತಿರುಗಿಸುವ ಗುಬ್ಬಿ) ಹಿಡಿಯುವ ಅಗಲದ ಡಬ್ಬಿ. ಡೈಕಾಸ್ಟಿನಲ್ಲಿ 1590ಬಿ ಅನ್ನುವ ಸೈಜು 112ಕ್ಕೆ 60 ಎಂಎಂ, ಅದರಲ್ಲಿ ಮೂರು ನಾಬಿನ ಮೇಲೆ ಬ್ಯಾಟರಿ ತುರುಕಲು ಹೋದರೆ ಜಾಗ ಸಾಲುವುದಿಲ್ಲ. ದೊಡ್ಡ ಸೈಜನ್ನು ಹೊರಗಿನಿಂದ ತರಿಸಿದರೆ ಸಾವಿರದ ಹತ್ತಿರ. ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುವ ನಕಲು ಐನೂರರ ಆಸುಪಾಸು, ಅದರ ಮುಚ್ಚಳ ಅಲ್ಲಾಡುತ್ತೆ. ಕಟ್ಟಿಟ್ಟ ಸರ್ಕ್ಯೂಟ್ ಬೋರ್ಡುಗಳು ಬತ್ತಲೆಯಾಗಿ ಟೇಬಲ್ ಮೇಲೆ ಬಿದ್ದಿದ್ದವು. ಸರಿ ಅಂತ ಇಳಿದೆ.

ಮೊದಲ ತಪ್ಪು ಗುಜರಿ ಶೀಟು. ಯಾವುದೋ ಅಂಗಡಿ ಬೋರ್ಡಿನ ಅಲ್ಯೂಮಿನಿಯಂ, ಕೆಜಿ ನೂರೈವತ್ತಕ್ಕೆ ಸಿಕ್ಕಿತು. ಎರಡು ಆಂಗಲ್ (ಎಲ್ ಆಕಾರದ ಲೋಹದ ಪಟ್ಟಿ) ನಡುವೆ ಇಟ್ಟು ವೈಸ್ ಅನ್ನುವ ಇಕ್ಕಳಕ್ಕೆ ಬಿಗಿದು ಮರದ ಸುತ್ತಿಗೆಯಲ್ಲಿ ತಟ್ಟಿದೆ. ತೊಂಬತ್ತು ಡಿಗ್ರಿಗೆ ಬರುವಷ್ಟರಲ್ಲಿ ಹೊರಮೈ ಒಣಗಿದ ಕೆರೆಯ ಹಾಗೆ ಬಿರಿಯಿತು. ಹೀಗೆ ಆರು ತುಂಡು ಹಾಳು. ಕಾಮಾಕ್ಷಿಪಾಳ್ಯದಲ್ಲಿ ಶೀಟು ಕೆಲಸದ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಶೀಟಿನ ಮೇಲೆ ಉಗುರು ಎಳೆದು, “ಗೆರೆ ನೋಡಲ್ವಾ ಸಾರ್? ಗೆರೆ ಉದ್ದಕ್ಕೆ ಮಡಿಚಿದ್ರೆ ಬಿರೀದೇ ಇರುತ್ತಾ?” ಅಂದರು. ಶೀಟನ್ನು ರೋಲರಿನಲ್ಲಿ ಒತ್ತುವಾಗ ಬಂದ ಕೂದಲೆಳೆಯಂಥ ಗೆರೆ ಅದು, ಮಡಿಕೆ ಅದಕ್ಕೆ ಅಡ್ಡ ಬರಬೇಕು. ಆಮೇಲೆ 5052 ಗ್ರೇಡಿನ ಅಲ್ಯೂಮಿನಿಯಂ, ಒಂದೂವರೆ ಎಂಎಂ ದಪ್ಪದ ಶೀಟಿಗೆ ಬಂದೆ. ಈಗಲೂ ಅದೇ. 6061 ಗ್ರೇಡು ಮಾತ್ರ ಮುಟ್ಟಬೇಡಿ, ಅದು ಮಿಲ್ಲಿಂಗಿಗೆ (ಯಂತ್ರದಲ್ಲಿ ಕೊರೆಯಲು) ಚೆಂದ, ಮಡಿಚುವುದಕ್ಕಲ್ಲ.

ಗಟ್ಟಿ ಶೀಟೇ ಕೈಯಲ್ಲಿದ್ದರೆ ಕಾಯಿಸಿ ಮೆತ್ತಗೆ ಮಾಡುವ ಒಂದು ದಾರಿ ಇದೆ. ಮಡಿಚುವ ಗೆರೆಯ ಮೇಲೆ ಬಟ್ಟೆ ಸೋಪು ಉಜ್ಜಿ, ಹಿಂಬದಿಯಿಂದ ಗ್ಯಾಸ್ ಟಾರ್ಚ್ ಓಡಿಸಿ. ಸೋಪು ಕಂದು ದಾಟಿ ಕಪ್ಪಾದ ಕೂಡಲೇ ತೆಗೆಯಿರಿ. ಅಲ್ಯೂಮಿನಿಯಂ ಕೆಂಪಾಗಿ ಸೂಚನೆ ಕೊಡುವುದಿಲ್ಲ, ಒಂದೇ ಸಲ ಕುಸಿಯುತ್ತೆ. ನಾನು ಎರಡು ತುಂಡು ಹಾಗೆ ಕಳೆದುಕೊಂಡೆ. ಇಡೀ ಶೀಟು ಕಾಯಿಸಲೂ ಬೇಡಿ, ಮೇಲ್ಮೈ ಮೆತ್ತಗಾದರೆ ಸ್ವಿಚ್ ತುಳಿದ ಕಡೆ ತಗ್ಗು ಬೀಳುತ್ತೆ. ಅಮ್ಮ ಇವತ್ತಿಗೂ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸೋಪು ಕಾಣದಿದ್ದರೆ ಮೊದಲು ನನ್ನನ್ನೇ ಕೇಳುತ್ತಾರೆ.

ಎರಡನೇ ಕಂಟಕ ಅಳತೆ. ಹೊರಗಿನ ಅಳತೆಗಳನ್ನು ಕೂಡಿ ಶೀಟು ಕತ್ತರಿಸಿದೆ, ಡಬ್ಬಿ ಐದು ಎಂಎಂ ದೊಡ್ಡದಾಗಿ ಬಂತು. ಸೂತ್ರಗಳನ್ನೆಲ್ಲ ಬಿಡಿ. ಸರಿಯಾಗಿ ನೂರು ಎಂಎಂ ಪಟ್ಟಿ ತಗೊಂಡು ನಡುವೆ ಮಡಿಚಿ, ಎರಡೂ ಕಾಲಿನ ಹೊರ ಅಳತೆ ಕೂಡಿ. ನನಗೆ ನೂರಾ ಎರಡೂವರೆ ಬಂತು. ಅಂದರೆ ಒಂದೊಂದು ಮಡಿಕೆಗೆ ಎರಡೂವರೆ ಕಳೆಯಬೇಕು. ನಿಮ್ಮ ಆಂಗಲ್ಲಿನ ಅಂಚು ಬೇರೆ ಇದ್ದರೆ ನಿಮ್ಮ ಲೆಕ್ಕವೂ ಬೇರೆ. ಡಬ್ಬಿ ಅಂದರೆ ಯು ಆಕಾರದ ಎರಡು ತುಂಡು, ಕೆಳಗಿನದು ಮೇಲಿನದರ ಒಳಗೆ ಕೂರಬೇಕಾದ್ದರಿಂದ ಕೆಳಗಿನದಕ್ಕೆ ಶೀಟಿನ ಎರಡು ದಪ್ಪ ಇನ್ನೂ ಕಳೆಯಬೇಕು, ಇದನ್ನು ಎಂಟನೇ ಡಬ್ಬಿಯವರೆಗೂ ಮರೆಯುತ್ತಲೇ ಬಂದೆ.

ತೂತುಗಳನ್ನು ಶೀಟು ಚಪ್ಪಟೆ ಇರುವಾಗಲೇ ಹೊಡೆಯುತ್ತೇನೆ: ಪಾಟಿಗೆ (ನಾಬ್ ಕೂರುವ ಬಿಡಿಭಾಗ) 7 ಎಂಎಂ, ಸ್ವಿಚ್ಚಿಗೆ 12, ಮೆಟ್ಟಿಲು ಮೆಟ್ಟಿಲಾಗಿ ದಪ್ಪವಾಗುವ ಸ್ಟೆಪ್ ಡ್ರಿಲ್‌ನಲ್ಲಿ. ಮಡಿಕೆಗೆ ಎಂಟು ಎಂಎಂಗಿಂತ ಹತ್ತಿರ ಹೋದರೆ ತೂತು ಮೊಟ್ಟೆಯಾಗುತ್ತೆ. ಸ್ಕ್ರೂಗೆ ಶೀಟಿನಲ್ಲೇ ನೇರ ಟ್ಯಾಪ್ ಹೊಡೆದದ್ದೂ (ತಿರುಪಿನ ಸುತ್ತು ಕೊರೆದದ್ದೂ) ಪೆದ್ದತನ. ಎಂ3 (ಮೂರು ಎಂಎಂ) ಸ್ಕ್ರೂವಿನ ಸುತ್ತು ಅರ್ಧ ಎಂಎಂಗೊಂದು, ಒಂದೂವರೆ ಎಂಎಂ ಶೀಟಿನಲ್ಲಿ ಸಿಗುವುದೇ ಮೂರು. ನಾಲ್ಕನೇ ಸಲ ಬಿಗಿಯುವಾಗ ಕಿತ್ತು ಬಂತು. ಈಗ ಶೀಟಿಗೆ ಒತ್ತಿ ಕೂರಿಸುವ ರಿವೆಟ್ ನಟ್ಟು.

ನಡುವೆ ಅಡ್ಡದಾರಿಗಳೂ ಆದವು. ಕೊಬ್ಬರಿ ಎಣ್ಣೆ ಟಿನ್ನಿನಲ್ಲಿ ಒಂದು ಬೂಸ್ಟರ್ (ದನಿ ಏರಿಸುವ ಪೆಡಲ್) ಕಟ್ಟಿದೆ. ಟಿನ್ನಿಗೆ ಬೆಸುಗೆ ಚೆನ್ನಾಗಿ ಹಿಡಿಯುತ್ತೆ, ನೋಡೋಕೂ ಚೆಂದ, ಆದರೆ ಎರಡನೇ ಹಾಡಿಗೇ ತುಳಿದ ಮೇಲ್ಮೈ ಸ್ವಿಚ್ಚಿನ ಸಮೇತ ಒಳಗೆ ಹೋಯಿತು. ಸ್ಟೀಲ್ ಟಿಫಿನ್ ಡಬ್ಬಿ ಗಟ್ಟಿ, ಆದರೆ ಒಂದು ತೂತಿಗೆ ಎರಡು ಡ್ರಿಲ್ ಬಿಟ್ ಬಲಿ. ಜೋರಾಗಿ ತಿರುಗಿಸಿದಷ್ಟೂ ಸ್ಟೀಲು ಇನ್ನೂ ಗಟ್ಟಿಯಾಗುತ್ತೆ. ನಿಧಾನ, ಎಣ್ಣೆ, ಒತ್ತಡ ಇದ್ದರೆ ಸಾಗುತ್ತೆ. ನನಗೆ ತಾಳ್ಮೆ ಇರಲಿಲ್ಲ.

ತಮಾಷೆ ಆದದ್ದು ಪೌಡರ್ ಕೋಟಿಂಗ್ (ಪುಡಿ ಬಣ್ಣ ಹಚ್ಚಿ ಭಟ್ಟಿಯಲ್ಲಿ ಬೇಯಿಸುವುದು) ಮಾಡಿಸಿದ ಮೇಲೆ. ಹತ್ತು ಡಬ್ಬಿ ಕೊಟ್ಟರೆ ಒಂದಕ್ಕೆ ನಲವತ್ತು ರೂಪಾಯಿ, ಒಂದೇ ಕೊಟ್ಟರೆ ಮುಖ ತಿರುಗಿಸುತ್ತಾರೆ. ಕಡುಗೆಂಪು, ಹೊಸ ಸ್ಕೂಟರಿನ ಹಾಗೆ ಹೊಳೆಯಿತು. ಫಜ್ (ದನಿಯನ್ನು ಒರಟು ಮಾಡುವ ಪೆಡಲ್) ಬೋರ್ಡು ಕೂರಿಸಿ ಗೇನ್, ಅಂದರೆ ಸಿಗ್ನಲ್ಲಿನ ಬಲ ಏರಿಸಿದೆ. ಗಿಟಾರಿನ ಆಂಪ್ಲಿಫೈಯರಿನಿಂದ ಆಕಾಶವಾಣಿಯ ವಾರ್ತೆ! ಮೀಡಿಯಂ ವೇವಿನ 612 ಕಿಲೋಹರ್ಟ್ಜ್ ನೇರ ಫಜ್ಜಿನೊಳಗೆ ಇಳಿದಿತ್ತು. ಕೋಟಿಂಗ್ ಅಂದರೆ ಪ್ಲಾಸ್ಟಿಕ್ಕೇ ಅಲ್ಲವೇ, ರೇಡಿಯೋ ತಡೆಯಲು ಡಬ್ಬಿಯ ಎರಡು ಭಾಗಕ್ಕೂ ಒಂದಕ್ಕೊಂದು ವಿದ್ಯುತ್ ಸಂಪರ್ಕ ಬೇಕು, ಅದೇ ಇರಲಿಲ್ಲ, ಗಿಟಾರಿನ ವೈರು ಚುಚ್ಚುವ ಜಾಕಿನ ನಟ್ಟೂ ಬಣ್ಣದ ಮೇಲೆ ಕೂತಿತ್ತು. ಮುಚ್ಚಳ ಕೂರುವ ಅಂಚನ್ನೂ ಜಾಕಿನ ಒಳಸುತ್ತನ್ನೂ ಕೆರೆದೆ, ವಾರ್ತೆ ನಿಂತಿತು. ಈಗ ಕೋಟಿಂಗಿಗೆ ಮೊದಲೇ ಅಲ್ಲಿ ಶಾಖ ತಡೆಯುವ ಟೇಪು ಅಂಟಿಸಿ ಕಳಿಸುತ್ತೇನೆ. ಭಟ್ಟಿ ಇನ್ನೂರು ಡಿಗ್ರಿ ಹತ್ತಿರ ಹೋಗುತ್ತೆ, ಮಾಮೂಲಿ ಟೇಪು ಕರಗಿ ಅಂಟಾಗುತ್ತೆ.

ಅದೇ ವಾರ ಚೆಂದ ಕಾಣಲಿ ಅಂತ ಲೋಹದ ಡಿಸಿ ಜಾಕು (ಅಡಾಪ್ಟರಿನ ಪಿನ್ನು ಚುಚ್ಚುವ ಕಂಡಿ) ಹಾಕಿದೆ. ನಮ್ಮ ಪೆಡಲ್ಲುಗಳಲ್ಲಿ ನಡುಪಿನ್ನು ಮೈನಸ್, ಜಾಕಿನ ಮೈ ಪ್ಲಸ್. ಮೈ ಡಬ್ಬಿಗೆ ತಾಗಿತು, ಡಬ್ಬಿ ಗ್ರೌಂಡು, ಅಂದರೆ ಮೈನಸ್, ಶಾರ್ಟ್ ಆಗಿ ಅಡಾಪ್ಟರ್ ಸತ್ತಿತು. ಇನ್ನೂರೈವತ್ತು ರೂಪಾಯಿ. ಗೊತ್ತಿದ್ದೂ ಮಾಡಿದ್ದಕ್ಕೆ ಜಾಸ್ತಿ ಉರಿಯಿತು.

ಲೆಕ್ಕ ಹೇಳುತ್ತೇನೆ, ಬರೆದಿಟ್ಟಿಲ್ಲ, ನೆನಪಿನದು. ಒಂದು ಡಬ್ಬಿಗೆ ಶೀಟು ನೂರು ಗ್ರಾಮ್ ಚಿಲ್ಲರೆ, ನಲವತ್ತು ರೂಪಾಯಿ. ರಿವೆಟ್ ನಟ್ಟು, ಸ್ಕ್ರೂ, ರಬ್ಬರ್ ಕಾಲು ಸೇರಿ ಐವತ್ತು. ಕೋಟಿಂಗ್ ನಲವತ್ತು. ಒಟ್ಟು ನೂರಮೂವತ್ತು, ಎರಡೂವರೆ ಗಂಟೆ. ಆದರೆ ಕಲಿಯಲು ಸುರಿದದ್ದು ಒಂಬತ್ತು ಸಾವಿರ ದಾಟಿರಬೇಕು, ವೈಸೊಂದೇ ಎರಡೂವರೆ ಸಾವಿರ. ಆ ದುಡ್ಡಿಗೆ ಹದಿನೆಂಟು ನಕಲು ಡಬ್ಬಿ ಬರುತ್ತಿದ್ದವು, ಗೊತ್ತು.

ಮಡಿಕೆಯ ಅಂಚು ಅಷ್ಟು ಚೂಪಾಗಿ, ಸುತ್ತಿಗೆ ಗುರುತಿಲ್ಲದೆ ಬರುವುದು ಹೇಗೆ ಅಂತ ನೋಡಿದವರೆಲ್ಲ ಕೇಳುತ್ತಾರೆ. ಸುತ್ತಿಗೆಗೂ ಶೀಟಿಗೂ ನಡುವೆ ಒಂದು ವಸ್ತು ಇಡುತ್ತೇನೆ, ಅಡುಗೆ ಮನೆಯದ್ದೇ. ಅಷ್ಟೇ ಹೇಳೋದು. ನಾಬಿನ ಹೆಸರು ಕನ್ನಡದಲ್ಲಿ ಮೂಡಿಸುವ ವಿಧಾನವನ್ನೂ ಸದ್ಯಕ್ಕೆ ಬಿಡುವುದಿಲ್ಲ. ‘ಗದ್ದಲ’ ಅಂತ ಬರೆದಿರುವ ಫಜ್ ಈ ಊರಲ್ಲಿ ನನ್ನದೊಂದೇ ಅಂದುಕೊಂಡಿದ್ದೇನೆ.

ಮೀಟರ್ ಬಾಕ್ಸ್ ಅಂದವನು ಹೋದ ತಿಂಗಳು ನಾಲ್ಕು ಡಬ್ಬಿ ಮಾಡಿಸಿಕೊಂಡ. ಎರಡರ ದುಡ್ಡು ಇನ್ನೂ ಬಂದಿಲ್ಲ.