ಮನೆಗೆ ಸಿಸಿ ಕ್ಯಾಮೆರಾ: ಮೊದಲು ಮುಖ, ಆಮೇಲೆ ಮೆಗಾಪಿಕ್ಸೆಲ್

ಶಿರಸಿ ಸೀಮೆಯಲ್ಲಿರುವ ಅಕ್ಕನ ಮನೆಯಲ್ಲಿ ಎರಡು ವರ್ಷದ ಕೆಳಗೆ ಅಂಗಳದಲ್ಲಿ ಒಣಗಲು ಹರವಿದ್ದ ಚಾಲಿ ಅಡಿಕೆ ರಾತ್ರೋರಾತ್ರಿ ಹೋಯಿತು. ನಾಲ್ಕು ಕ್ಯಾಮೆರಾ ಇದ್ದವು. ನಾಲ್ಕರಲ್ಲೂ ಕಳ್ಳ ಕಂಡ, ಮುಖ ಮಾತ್ರ ಒಂದರಲ್ಲೂ ಕಾಣಲಿಲ್ಲ. ಮಾಡಿನ ತುದಿಯಲ್ಲಿ, ಹದಿನೈದು ಅಡಿ ಎತ್ತರದಲ್ಲಿ ಕೂರಿಸಿದ್ದ ಕ್ಯಾಮೆರಾಕ್ಕೆ ಸಿಕ್ಕಿದ್ದು ಒಂದು ಟೊಪ್ಪಿ, ಎರಡು ಭುಜ. ಕೊಳ್ಳುವಾಗಲೇ ನಾವು ಎಡವಿದ್ದೆವು. ಮತ್ತೆ ಹೊಸದಾಗಿ ಹಾಕಿಸುವಾಗ ಕಲಿತದ್ದನ್ನು ಮಾಡಬೇಕಾದ ಕ್ರಮದಲ್ಲೇ ಬರೆಯುತ್ತಿದ್ದೇನೆ.

1. ಅಂಗಡಿಗೆ ಹೋಗುವ ಮೊದಲು ಒಂದು ಹಾಳೆ

ಹಾಳೆಯ ಮೇಲೆ ಮನೆ, ಗೇಟು, ಹಿತ್ತಲ ಬಾಗಿಲು, ಅಂಗಳ ಗೀಚಿಕೊಳ್ಳಿ. ಒಳಗೆ ಬರುವವರು ದಾಟಲೇಬೇಕಾದ ಇಕ್ಕಟ್ಟಿನ ಜಾಗಕ್ಕೆ ಕೆಂಪು ಗುರುತು ಹಾಕಿ. ಅಲ್ಲಿ ಮುಖ ಹಿಡಿಯುವ ಕ್ಯಾಮೆರಾ ಬೇಕು. ಉಳಿದ ಕಡೆ ಏನು ನಡೆಯಿತು ಎಂದು ತಿಳಿದರೆ ಸಾಕು. ಕ್ಯಾಮೆರಾ ಎಷ್ಟು ಬೇಕು ಎಂಬ ಲೆಕ್ಕ ಈ ಹಾಳೆಯಿಂದ ಹುಟ್ಟಬೇಕು. ನಾಲ್ಕರ ಕಿಟ್ ಅಗ್ಗಕ್ಕೆ ಸಿಗುತ್ತದೆ ಎಂದು ನಾಲ್ಕು ಜಾಗ ಹುಡುಕಲು ಹೊರಡಬೇಡಿ.

2. ಲೆನ್ಸ್

ಅಂಗಡಿಯವರು ಮೊದಲು ಹೇಳುವುದು ‘ಎಷ್ಟು ಎಂಪಿ’ ಎಂದು. ನೀವು ಮೊದಲು ಕೇಳಬೇಕಾದದ್ದು ‘ಎಷ್ಟು ಎಂಎಂ’ ಎಂದು. ಎಂಪಿ ಎಂದರೆ ಮೆಗಾಪಿಕ್ಸೆಲ್, ಚಿತ್ರದಲ್ಲಿರುವ ಚುಕ್ಕಿಗಳ (ಪಿಕ್ಸೆಲ್) ಎಣಿಕೆ. ಎಂಎಂ ಎಂಬುದು ಲೆನ್ಸಿನ ಅಳತೆ; ಅದು ಹೆಚ್ಚಾದಷ್ಟೂ ನೋಟದ ಅಗಲ ಕಿರಿದಾಗಿ ದೂರದ್ದು ದೊಡ್ಡದಾಗಿ ಕಾಣುತ್ತದೆ.

ಗುರುತಿಲ್ಲದವನ ಮುಖ ಪತ್ತೆಯಾಗಬೇಕಾದರೆ ಅವನು ನಿಂತ ಜಾಗದಲ್ಲಿ ಮೀಟರಿಗೆ 250 ಚುಕ್ಕಿಗಳಾದರೂ ಇರಬೇಕು ಎನ್ನುತ್ತದೆ ಅಂತರರಾಷ್ಟ್ರೀಯ ಮಾನದಂಡ. 2 ಎಂಪಿ ಚಿತ್ರದ ಅಗಲ 1920 ಚುಕ್ಕಿ. ಅಂದರೆ ಚಿತ್ರದಲ್ಲಿ ಏಳೂವರೆ ಮೀಟರಿಗಿಂತ ಅಗಲದ ಜಾಗ ತುಂಬಿಕೊಂಡರೆ ಮುಖ ಕೈತಪ್ಪಿತು. ಸಾಮಾನ್ಯವಾಗಿ ಕೊಡುವ 2.8 ಎಂಎಂ ಲೆನ್ಸ್ ನೂರು ಡಿಗ್ರಿಯಷ್ಟು ಅಗಲ ನೋಡುತ್ತದೆ. ಮೂರು ಮೀಟರ್ ದೂರದಲ್ಲೇ ಆ ಅಗಲ ಬಂದುಬಿಡುತ್ತದೆ. ಅದರಾಚೆಗೆ ಮನುಷ್ಯ ಕಾಣುತ್ತಾನೆ, ಯಾರೆಂದು ಹೇಳಲಾಗದು. ಲೆನ್ಸ್ ಬದಲಿಸದೆ 5 ಎಂಪಿ ಕೊಂಡರೆ ಮೂರು ಮೀಟರ್ ಹೋಗಿ ನಾಲ್ಕೂವರೆ ಆಗುತ್ತದೆ, ಅಷ್ಟೇ. ಅದೇ 2 ಎಂಪಿಯಲ್ಲಿ 6 ಎಂಎಂ ಲೆನ್ಸ್ ಹಾಕಿದರೆ ಸುಮಾರು ಎಂಟು ಮೀಟರ್. ಆದ್ದರಿಂದ ಗೇಟಿಗೆ 6 ಎಂಎಂ, ಅಂಗಳಕ್ಕೆ 2.8 ಎಂಎಂ ಎಂದು ಬೇರೆ ಬೇರೆಯಾಗಿ ಕೇಳಿ ಪಡೆಯಿರಿ. ಎತ್ತರ ಎಂಟರಿಂದ ಹತ್ತು ಅಡಿ.

ನಮ್ಮಲ್ಲಿ ಪೂರ್ವಕ್ಕೆ ಬಾಗಿಲಿಟ್ಟ ಮನೆಗಳೇ ಹೆಚ್ಚು. ಜಗಲಿಯೊಳಗಿಂದ ಬಾಗಿಲಿನತ್ತ ನೋಡುವ ಕ್ಯಾಮೆರಾಕ್ಕೆ ಬೆಳಗಿನ ಬಿಸಿಲು ನೇರ ಎದುರಾಗುತ್ತದೆ. ಬಂದವರ ಮುಖ ಕಪ್ಪು ನೆರಳಾಗುತ್ತದೆ. ಅಲ್ಲಿಗೆ 120 ಡಿಬಿಯ ಡಬ್ಲ್ಯುಡಿಆರ್ (ಎದುರು ಬೆಳಕಿನಲ್ಲೂ ಮುಖ ಕಾಣಿಸುವ ಸೌಲಭ್ಯ) ಇರುವುದನ್ನೇ ತೆಗೆದುಕೊಳ್ಳಿ. ‘ಡಿಜಿಟಲ್ ಡಬ್ಲ್ಯುಡಿಆರ್’ ಎಂದು ಬರೆದಿದ್ದರೆ ಅದರಿಂದ ಆ ಕೆಲಸ ಆಗುವುದಿಲ್ಲ.

ರಾತ್ರಿಯ ವಿಷಯ. ಡಬ್ಬಿಯ ಮೇಲೆ ‘ಐಆರ್ 30 ಮೀಟರ್’ ಎಂದಿದ್ದರೆ ಕ್ಯಾಮೆರಾ ಚೆಲ್ಲುವ ಇನ್‌ಫ್ರಾರೆಡ್ ಬೆಳಕು ಅಲ್ಲಿಯವರೆಗೆ ಹೋಗುತ್ತದೆ ಎಂದು ಅರ್ಥ, ಮುಖ ಕಾಣುತ್ತದೆ ಎಂದಲ್ಲ. ಗೇಟಿನ ಬಳಿ ರಾತ್ರಿಯಿಡೀ ಉರಿಯುವ ಒಂದು ಎಲ್‌ಇಡಿ ಬಲ್ಬು ದುಬಾರಿ ಕ್ಯಾಮೆರಾದಷ್ಟೇ ಉಪಕಾರ ಮಾಡುತ್ತದೆ. ಇನ್ನು ಲೆನ್ಸಿನ ಮುಂದೆ ಜೇಡ ಬಲೆ ಕಟ್ಟಿದರೆ ಐಆರ್ ಬೆಳಕು ಅದಕ್ಕೇ ಬಡಿದು ಇಡೀ ಚಿತ್ರ ಬೆಳ್ಳಗಾಗುತ್ತದೆ. ವಾರಕ್ಕೊಮ್ಮೆ ಕಸಬರಿಕೆ ಆಡಿಸಿ.

3. ಡಿವಿಆರ್ ಬೇಕೋ, ಎನ್‌ವಿಆರ್ ಬೇಕೋ

ಕ್ಯಾಮೆರಾಗಳ ಚಿತ್ರ ದಾಖಲಿಸಿಡುವ ಪೆಟ್ಟಿಗೆ, ಅಂದರೆ ರೆಕಾರ್ಡರ್, ಈ ಎರಡು ಬಗೆಯದು. ಡಿವಿಆರ್‌ಗೆ ‘3+1’ ವೈರು (ಚಿತ್ರಕ್ಕೆ ಒಂದು ಎಳೆ, ಕರೆಂಟು ಮುಂತಾದಕ್ಕೆ ಮೂರು), ಎನ್‌ವಿಆರ್‌ಗೆ ಇಂಟರ್‌ನೆಟ್ಟಿಗೆ ಬಳಸುವ ಕ್ಯಾಟ್ 6 ಕೇಬಲ್ಲು. ಪೇಟೆಯ ಸೈಟಿನ ಮನೆ, ನಾಲ್ಕು ಕ್ಯಾಮೆರಾ ಎಂದಾದರೆ ಡಿವಿಆರ್ ಧಾರಾಳ ಸಾಕು, ಖರ್ಚೂ ಕಡಿಮೆ. ಮನೆಯಿಂದ ಕೊಟ್ಟಿಗೆ, ಗೋದಾಮು ದೂರವಿದ್ದರೆ ತೊಂದರೆ ಶುರುವಾಗುತ್ತದೆ. 12 ವೋಲ್ಟ್ ಕರೆಂಟು ಉದ್ದದ ತೆಳು ವೈರಿನಲ್ಲಿ ಸೊರಗುತ್ತದೆ. ಹಗಲಲ್ಲಿ ಸರಿಯಿದ್ದ ಕ್ಯಾಮೆರಾ ರಾತ್ರಿ ಐಆರ್ ಹೊತ್ತಿಕೊಂಡ ಕೂಡಲೇ ಆರಿ ಆರಿ ಹೊತ್ತುತ್ತಿದ್ದರೆ ಹೆಚ್ಚಾಗಿ ಇದೇ ಕಾರಣ. ಪಿಒಇ ಇರುವ ಎನ್‌ವಿಆರ್‌ನಲ್ಲಿ ಒಂದೇ ಕೇಬಲ್ಲಿನಲ್ಲಿ 48 ವೋಲ್ಟಿನಷ್ಟು ಕರೆಂಟೂ ಚಿತ್ರವೂ ಹೋಗುತ್ತವೆ; 100 ಮೀಟರ್‌ವರೆಗೆ ಚಿಂತೆಯಿಲ್ಲ. ಮಲೆನಾಡು, ಕರಾವಳಿಯವರು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಲೋಹದ ತಂತಿ ಎಳೆಯುವ ಮುನ್ನ ಏಪ್ರಿಲ್, ಮೇ ತಿಂಗಳ ಸಿಡಿಲನ್ನು ನೆನೆಯಿರಿ. ಆ ಒಂದು ಎಳೆಗೆ ಫೈಬರ್ ಹಾಕಿದರೆ ಸಿಡಿಲಿನ ಹೊಡೆತ ಕೇಬಲ್ಲಿನ ಮೂಲಕ ರೆಕಾರ್ಡರ್‌ವರೆಗೆ ಬರುವುದಿಲ್ಲ.

ಡಿವಿಆರ್ ಕೊಳ್ಳುವವರು ಒಂದು ಶಬ್ದದ ಬಗ್ಗೆ ಎಚ್ಚರವಾಗಿರಿ: ‘1080ಪಿ ಲೈಟ್’, ಕೆಲವೆಡೆ ‘1080ಎನ್’. ಇದರಲ್ಲಿ ದಾಖಲಾಗುವ ಚಿತ್ರದ ಅಗಲ 1920 ಅಲ್ಲ, 960 ಚುಕ್ಕಿ. ಟಿವಿಯಲ್ಲಿ ನೇರ ನೋಡುವಾಗ ಗೊತ್ತೇ ಆಗುವುದಿಲ್ಲ, ಕಳ್ಳತನವಾದ ಮೇಲೆ ತೆಗೆದು ನೋಡಿದಾಗ ಗೊತ್ತಾಗುತ್ತದೆ. ಅಕ್ಕನ ಮನೆಯಲ್ಲಿ ಆದದ್ದು ಇದೂ ಹೌದು. ಅಂಗಡಿಯಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು, ಯಾರೂ ಹೇಳಲಿಲ್ಲ.

ನಾಲ್ಕು ಕ್ಯಾಮೆರಾ ಇದ್ದರೂ ಎಂಟು ಚಾನೆಲ್ಲಿನ, ಅಂದರೆ ಎಂಟು ಕ್ಯಾಮೆರಾ ಜೋಡಿಸಬಹುದಾದ ರೆಕಾರ್ಡರ್ ತೆಗೆದುಕೊಳ್ಳಿ; ಮುಂದೆ ಕ್ಯಾಮೆರಾ ಸೇರಿಸಲು ಜಾಗವಿರುತ್ತದೆ.

4. ಹಾರ್ಡ್ ಡಿಸ್ಕ್ ಲೆಕ್ಕ

ಸೆಕೆಂಡಿಗೆ 2 ಮೆಗಾಬಿಟ್‌ನಂತೆ ದಾಖಲಿಸುವ ಒಂದು ಕ್ಯಾಮೆರಾ ದಿನಕ್ಕೆ 21.6 ಜಿಬಿ ತಿನ್ನುತ್ತದೆ. ನಾಲ್ಕಕ್ಕೆ 86 ಜಿಬಿ. 1 ಟಿಬಿ ಡಿಸ್ಕ್ ಹನ್ನೊಂದು ದಿನಕ್ಕೆ ತುಂಬಿ, ಹಳೆಯದರ ಮೇಲೆ ಹೊಸದು ಕೂರುತ್ತದೆ. ಚಿತ್ರವನ್ನು ಹೆಚ್ಚು ಕುಗ್ಗಿಸಿ ಇಡುವ ಎಚ್.265 ವಿಧಾನ ಇರುವ ರೆಕಾರ್ಡರ್‌ನಲ್ಲಿ ಹೆಚ್ಚುಕಡಿಮೆ ಇದರ ಅರ್ಧ ಜಾಗ ಸಾಕು. ಊರಿಗೆ ಹೋಗಿ ಹದಿನೈದು ದಿನ ಬಿಟ್ಟು ಬರುವ ಮನೆಯವರು 2 ಟಿಬಿ ಹಾಕಿಸುವುದು ಕ್ಷೇಮ. ಕಂಪ್ಯೂಟರಿನ ಮಾಮೂಲಿ ಡಿಸ್ಕ್ ಬೇಡ. ಹಗಲುರಾತ್ರಿ ಬರೆಯುತ್ತಲೇ ಇರುವ ಕೆಲಸಕ್ಕೆಂದೇ ಡಬ್ಲ್ಯುಡಿ ಪರ್ಪಲ್, ಸೀಗೇಟ್ ಸ್ಕೈಹಾಕ್‌ನಂಥವು ಇವೆ.

ರೆಕಾರ್ಡರ್ ಅನ್ನು ಟಿವಿ ಪಕ್ಕ ಇಡಬೇಡಿ, ಕಳ್ಳ ಅದನ್ನೇ ಎತ್ತಿಕೊಂಡು ಹೋಗುತ್ತಾನೆ. ಗಾಳಿಯಾಡುವ, ಬೀಗ ಹಾಕುವ ಜಾಗ ಹುಡುಕಿ. ಎಲ್ಲ ಸೇರಿ 40 ವಾಟ್ ಆಸುಪಾಸು ಎಳೆಯುತ್ತದೆ. ಮನೆಯ ಇನ್ವರ್ಟರ್ ಲೈನಿಗೆ ರೌಟರ್ ಸಮೇತ ಸೇರಿಸಿ.

5. ಸುರಕ್ಷತೆ, ಕಾನೂನು

2025ರ ಏಪ್ರಿಲ್‌ನಿಂದ ದೇಶದಲ್ಲಿ ಮಾರುವ ಸಿಸಿ ಕ್ಯಾಮೆರಾಗಳಿಗೆ ಕೇಂದ್ರ ಸರ್ಕಾರದ ಭದ್ರತಾ ಪರೀಕ್ಷೆ ಕಡ್ಡಾಯವಾಗಿದೆ. ಡಬ್ಬಿಯ ಮೇಲಿನ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪಿನಲ್ಲಿ ಹಾಕಿ ನೋಡಿ. ಕೂರಿಸಿದವರು ಇಟ್ಟುಹೋದ ಪಾಸ್‌ವರ್ಡನ್ನು ಅವತ್ತೇ ಬದಲಿಸಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ಡಿವಿಆರ್‌ಗಳನ್ನು ವಶ ಮಾಡಿಕೊಂಡದ್ದು ಕಂಪನಿ ಇಟ್ಟ ಪಾಸ್‌ವರ್ಡ್ ಯಾರೂ ಬದಲಿಸದೇ ಇದ್ದುದರಿಂದ.

ಕ್ಯಾಮೆರಾದ ಕಣ್ಣು ನಿಮ್ಮ ಬೇಲಿಯೊಳಗೇ ಇರಲಿ. ಜಂಟಿ ಮನೆಯಲ್ಲಿ ಜೊತೆಗಿರುವವರ ಒಪ್ಪಿಗೆಯಿಲ್ಲದೆ ವಾಸದ ಜಾಗಕ್ಕೆ ಕ್ಯಾಮೆರಾ ಹಾಕುವಂತಿಲ್ಲ ಎಂದು ಕಲ್ಕತ್ತಾ ಹೈಕೋರ್ಟ್ ಹೇಳಿತು. 2025ರ ಮೇಯಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲು ಒಪ್ಪಲಿಲ್ಲ. ದೃಶ್ಯ ನ್ಯಾಯಾಲಯದಲ್ಲಿ ಸಾಕ್ಷಿಯಾಗಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ. ರೆಕಾರ್ಡರ್‌ನ ತಾರೀಕು, ಗಂಟೆ ಸರಿಯಿದೆಯೇ ಎಂದು ಆಗಾಗ ನೋಡಿಕೊಳ್ಳಿ.

6. ದುಡ್ಡು ಕೊಡುವ ಮೊದಲು

ಕತ್ತಲಾಗುವವರೆಗೆ ಕಾಯಿರಿ. ಮನೆಯವರೊಬ್ಬರನ್ನು ಟೊಪ್ಪಿ ಹಾಕಿಸಿ ಗೇಟಿನಿಂದ ನಡೆಸಿ. ನೇರ ಚಿತ್ರ ನೋಡಬೇಡಿ. ರೆಕಾರ್ಡ್ ಆದದ್ದನ್ನು ತೆಗೆಸಿ, ನಿಲ್ಲಿಸಿ, ಹಿಗ್ಗಿಸಿ, ಅವರ ಫೋಟೊ ಪಕ್ಕದಲ್ಲಿಟ್ಟು, ಅವರ ಪರಿಚಯವಿಲ್ಲದ ಯಾರಿಗಾದರೂ ತೋರಿಸಿ, ಇಬ್ಬರೂ ಒಬ್ಬರೇ ಎಂದು ಗೊತ್ತಾಗುತ್ತದೆಯೇ ಕೇಳಿ. ಅಕ್ಕನ ಮನೆಯಲ್ಲಿ ಗೇಟಿನ ಕ್ಯಾಮೆರಾ ಎರಡು ಸಲ ಜಾಗ ಬದಲಿಸಿತು. ಮೂರನೆಯ ಸಲ, ಒಂಬತ್ತು ಅಡಿ ಎತ್ತರದಲ್ಲಿ, ಭಾವನ ಮುಖ ಮೀಸೆ ಸಮೇತ ಕಂಡಿತು. ದುಡ್ಡು ಕೊಟ್ಟದ್ದು ಆಮೇಲೆ.